ಕಲಬುರಗಿಯಿಂದ ಬೆಂಗಳೂರಿಗೆ ಎಷ್ಟು ತಾಸು? ವಿಮಾನ, ರೈಲು, ಬಸ್ಸು: ಮನೆ ಬಾಗಿಲಿನಿಂದ ಲೆಕ್ಕ

ಹೋದ ವಾರ ಪಕ್ಕದ ಮನೆ ಕಾಕಾ ಮೊಬೈಲ್ ಹಿಡಿದುಕೊಂಡು ಬಂದರು. "ಇಲ್ಲಿ ನೋಡ್ರಿ, ಕಲಬುರಗಿಯಿಂದ ಬೆಂಗಳೂರಿಗಿ ವಿಮಾನದಾಗ ಮೂವತ್ತೈದ ನಿಮಿಷ ಅಂತ ತೋರಸ್ಲತದ. ಖರೇ ಏನ್ರಿ?"

ಕಾಕಾನಿಗೆ ಬೆಂಗಳೂರಿನಲ್ಲಿ ಮೊಣಕಾಲು ತೋರಿಸಬೇಕು. ಕಾಕು ಜೊತೆಗೆ ಹೋಗುತ್ತಾರೆ. ಮೂವತ್ತೈದು ನಿಮಿಷ ಅಂದ ಕೂಡಲೇ ಬೆಳಿಗ್ಗೆ ನಾಷ್ಟಾ ಮಾಡಿ ಹೋಗಿ, ಮಧ್ಯಾಹ್ನದ ಊಟಕ್ಕೆ ಮನೆಗೆ ಬರಬಹುದು ಅಂತ ಇಬ್ಬರೂ ಖುಷಿಯಾಗಿದ್ದರು. ನಾನು ಚಹಾ ಇಟ್ಟು, ಒಂದು ಹಾಳೆ ತಗೊಂಡು ಕೂತೆ. ಐದಾರು ವರ್ಷದಿಂದ ಅವ್ವನ ಕಣ್ಣಿನ ತಪಾಸಣೆಗೆ ಅಂತ ಈ ದಾರಿಯನ್ನು ಎಲ್ಲಾ ತರದಲ್ಲೂ ತುಳಿದಿದ್ದೇನೆ. ವಿಮಾನ, ವಂದೇ ಭಾರತ್, ರಾತ್ರಿ ರೈಲು, ಸ್ಲೀಪರ್ ಬಸ್ಸು, ಕಾರು, ಒಮ್ಮೆ ಹೈದರಾಬಾದ್ ಸುತ್ತಿಕೊಂಡೂ ಹೋಗಿದ್ದೇನೆ. ಆ ಹಾಳೆಯಲ್ಲಿ ಬರೆದಿದ್ದನ್ನೇ ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಮೊದಲು ಆ ಮೂವತ್ತೈದು ನಿಮಿಷದ ಕಥೆ

ಅದು ಪೂರ್ತಿ ಸುಳ್ಳಲ್ಲ. ಭೂಪಟ ಇದ್ದರೆ ನೀವೇ ಲೆಕ್ಕ ಹಾಕಬಹುದು. ಕಲಬುರಗಿ 17.3 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ದೇವನಹಳ್ಳಿಯ ವಿಮಾನ ನಿಲ್ದಾಣ 13.2 ಡಿಗ್ರಿಯಲ್ಲಿದೆ. ವ್ಯತ್ಯಾಸ 4.1 ಡಿಗ್ರಿ. ಒಂದು ಡಿಗ್ರಿಗೆ ಸುಮಾರು 111 ಕಿಲೋಮೀಟರ್. ಗುಣಿಸಿದರೆ 455 ಬರುತ್ತದೆ. ಬೆಂಗಳೂರು ನಮಗಿಂತ ಸ್ವಲ್ಪ ಪೂರ್ವಕ್ಕೆ ಇರುವುದರಿಂದ ಗೆರೆ ಚೂರು ಓರೆ ಆಗುತ್ತದೆ, ಇನ್ನು ಕೆಲವು ಕಿಲೋಮೀಟರ್ ಸೇರುತ್ತದೆ. ಒಟ್ಟು ಸುಮಾರು 460 ಕಿಲೋಮೀಟರ್. ಜೆಟ್ ವಿಮಾನ ತಾಸಿಗೆ 800 ಕಿಲೋಮೀಟರ್ ಓಡುತ್ತದೆ ಅಂತ ಹಿಡಿದು ಭಾಗಿಸಿದರೆ ಮೂವತ್ತೈದು ನಿಮಿಷ. ಮೊಬೈಲ್ ಮಾಡಿದ್ದು ಇಷ್ಟೇ, ಸುಮ್ನೆ ಭಾಗಾಕಾರ.

ಆದರೆ ವಿಮಾನ ನಿಂತ ಜಾಗದಿಂದಲೇ 800ರ ವೇಗದಲ್ಲಿ ಹೊರಡುವುದಿಲ್ಲ, ಅಲ್ವಾ? ಏರುವಾಗ ನಿಧಾನ, ಇಳಿಯುವಾಗ ಇನ್ನೂ ನಿಧಾನ. 460 ಕಿಲೋಮೀಟರ್ ಅಂದರೆ ಚಿಕ್ಕ ದಾರಿ. ಪೂರ್ತಿ ಎತ್ತರಕ್ಕೆ ಏರಿ ಸ್ವಲ್ಪ ಹೊತ್ತು ಹಾರುವಷ್ಟರಲ್ಲಿ ಇಳಿಯುವ ತಯಾರಿ ಶುರು. ಜೊತೆಗೆ ಬೆಂಗಳೂರಿನ ರನ್‌ವೇಗಳು ಪೂರ್ವ–ಪಶ್ಚಿಮವಾಗಿ ಮಲಗಿವೆ. ನಾವು ಉತ್ತರದಿಂದ ಬರುತ್ತೇವೆ. ನೆಟ್ಟಗೆ ಹೋಗಿ ಇಳಿಯಲು ಆಗುವುದಿಲ್ಲ, ಸುತ್ತು ಹೊಡೆದು ಸಾಲಿಗೆ ಸೇರಬೇಕು. ಮುಂದೆ ನಾಲ್ಕು ವಿಮಾನ ಇದ್ದರೆ ಅವು ಇಳಿಯುವ ತನಕ ಕಾಯಬೇಕು.

ಟಿಕೆಟ್‌ನಲ್ಲಿ ಬರೆದಿರುವ ಸಮಯ ಹಾರುವ ಸಮಯ ಅಲ್ಲ ಅನ್ನುವುದೂ ಗೊತ್ತಿರಲಿ. ನಿಂತ ಜಾಗದಿಂದ ವಿಮಾನ ಕದಲಿದ ಹೊತ್ತಿನಿಂದ ಹಿಡಿದು, ಅಲ್ಲಿ ಹೋಗಿ ನಿಲ್ಲುವ ತನಕದ ಲೆಕ್ಕ ಅದು. ನೆಲದ ಮೇಲೆ ಉರುಳುವುದೂ ಅದರಲ್ಲೇ ಬರುತ್ತದೆ. ಹಾಗಾಗಿ ಜೆಟ್ ಆದರೆ ಸುಮಾರು ಒಂದು ತಾಸು ಹತ್ತು ನಿಮಿಷ, ರೆಕ್ಕೆಗೆ ಫ್ಯಾನ್ ಇರುವ ಎಟಿಆರ್ ಆದರೆ ಒಂದೂವರೆ ತಾಸಿನ ಹತ್ತಿರ. ಎಟಿಆರ್ ತಾಸಿಗೆ 500 ಕಿಲೋಮೀಟರ್ ಆಸುಪಾಸು ಓಡುತ್ತದೆ. ನಮ್ಮ ಊರು ಎರಡನ್ನೂ ನೋಡಿದೆ. ಟಿಕೆಟ್ ಮಾಡುವಾಗ ಯಾವ ವಿಮಾನ ಅಂತ ಸಣ್ಣ ಅಕ್ಷರದಲ್ಲಿ ಬರೆದಿರುತ್ತಾರೆ. ಇಪ್ಪತ್ತು ನಿಮಿಷದ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ನಿಜವಾಗಿ ಹೊತ್ತು ಹೋಗುವುದು ನೆಲದ ಮೇಲೆ.

ಬಾಗಿಲಿಂದ ಬಾಗಿಲಿಗೆ ಎಷ್ಟು?

ನಮ್ಮ ವಿಮಾನ ನಿಲ್ದಾಣ ಊರಿಂದ ಪೂರ್ವಕ್ಕೆ ಸುಮಾರು 14 ಕಿಲೋಮೀಟರ್, ಸೇಡಂ ರಸ್ತೆಯಲ್ಲಿ, ಶ್ರೀನಿವಾಸ ಸರಡಗಿ ಹತ್ತಿರ. ಜಗತ್ ಸರ್ಕಲ್‌ನಿಂದ ಅರ್ಧ ತಾಸು ಅಂದುಕೊಳ್ಳಿ. ಕೌಂಟರ್ ಸಾಮಾನ್ಯವಾಗಿ ಹೊರಡುವ ಒಂದು ತಾಸು ಮೊದಲೇ ಮುಚ್ಚುತ್ತದೆ. ಹಾಗಾಗಿ ಒಂದೂವರೆ ತಾಸು ಮೊದಲು ಅಲ್ಲಿರಬೇಕು. ಇಲ್ಲಿಗೆ ಎರಡು ತಾಸು ಆಯಿತು, ವಿಮಾನ ಇನ್ನೂ ನೆಲ ಬಿಟ್ಟಿಲ್ಲ. ಹಾರಾಟಕ್ಕೆ ಒಂದು ಕಾಲು ತಾಸು. ದೇವನಹಳ್ಳಿಯಲ್ಲಿ ಇಳಿದು, ಲಗೇಜ್ ಬರುವ ಬೆಲ್ಟ್ ಮುಂದೆ ನಿಂತು, ಹೊರಗೆ ಬರಲು ಅರ್ಧ ತಾಸು. ಅಲ್ಲಿಂದ ಮೆಜೆಸ್ಟಿಕ್ 35 ಕಿಲೋಮೀಟರ್ ಆಸುಪಾಸು. ಬೆಳಿಗ್ಗೆ ಬೇಗ ಆದರೆ ಒಂದು ತಾಸು, ಟ್ರಾಫಿಕ್ ಹೊತ್ತಿಗೆ ಎರಡು. ಜಯನಗರ, ಬನ್ನೇರುಘಟ್ಟ ರಸ್ತೆ ಕಡೆ ಹೋಗುವವರು ಇನ್ನೂ ಸ್ವಲ್ಪ ಸೇರಿಸಿಕೊಳ್ಳಿ.

ಕೂಡಿಸಿದರೆ ಐದು ತಾಸು, ಕೆಟ್ಟ ದಿನ ಆರು. ಮೂವತ್ತೈದು ನಿಮಿಷ ಎಲ್ಲಿ, ಐದು ತಾಸು ಎಲ್ಲಿ! ಕಾಕಾನ ಮುಖ ಸ್ವಲ್ಪ ಇಳಿಯಿತು. ಆದರೂ ಬಾಕಿ ಯಾವುದೂ ಇದಕ್ಕಿಂತ ಬೇಗ ಇಲ್ಲ ಅನ್ನುವುದನ್ನೂ ಹೇಳಬೇಕು.

ಅವ್ವನನ್ನು ಮೊದಲ ಸಲ ವಿಮಾನದಲ್ಲಿ ಕರೆದುಕೊಂಡು ಹೋದ ದಿನ ಇನ್ನೂ ನೆನಪಿದೆ. ಎಲ್ಲಾ ತಪಾಸಣೆ ಮುಗಿಸಿ ಒಳಗೆ ಕೂತಿದ್ದೆವು. ಅವ್ವ ಸೆರಗು ಸರಿ ಮಾಡಿಕೊಂಡು, "ಏ, ನಮ್ಮ ಬಸ್ ಯಾವಾಗ್ ಬರ್ತದೋ? ಸೀಟ್ ಹಿಡಿಲಾಕ ಟವೆಲ್ ಹಾಕ್ಬೇಕಾ?" ಅಂದಳು. ಪಕ್ಕದಲ್ಲಿ ಕೂತಿದ್ದ ಒಬ್ಬರು ಪೇಪರ್ ಮುಚ್ಚಿ ನಕ್ಕರು. ಮೇಲೆ ಹೋದ ಮೇಲೆ ಕಿಟಕಿಯಿಂದ ತೊಗರಿ ಹೊಲಗಳ ಕಂದು ಚೌಕಗಳನ್ನು ನೋಡಿ, "ಇಷ್ಟೇ ಏನೋ ನಮ್ಮ ಊರು" ಅಂದಿದ್ದಳು. ಅವಳಿಗೆ ನೀರು ಕುಡಿಯಲು ಕೊಡುವಷ್ಟರಲ್ಲಿ ಇಳಿಯುತ್ತಿದ್ದೇವೆ, ಬೆಲ್ಟ್ ಹಾಕಿಕೊಳ್ಳಿ ಅಂತ ಹೇಳಿದರು.

ಲಗೇಜಿನ ಬಗ್ಗೆ ಒಂದು ಮಾತು. ನಮ್ಮ ಕಡೆಯವರು ಖಾಲಿ ಕೈಯಲ್ಲಿ ಹೋಗುವುದಿಲ್ಲ. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ತೊಗರಿ ಬೇಳೆ ಇಲ್ಲದೆ ಬೆಂಗಳೂರಿನ ಮನೆ ಬಾಗಿಲು ತೆರೆಯುವುದಿಲ್ಲ! ರೊಟ್ಟಿ, ಬೇಳೆ ತಕರಾರಿಲ್ಲ. ಖಾರದ ಪುಡಿ, ಮೆಣಸಿನಕಾಯಿ ಉಪ್ಪಿನಕಾಯಿ ಕೈಚೀಲದಲ್ಲಿ ಇಡಬೇಡಿ, ದೊಡ್ಡ ಬ್ಯಾಗಿಗೆ ಹಾಕಿ ಕೌಂಟರಿನಲ್ಲಿ ಕೊಡಿ. ಗಾಣಗಾಪುರಕ್ಕೆ ಹೋಗಿ ಬಂದವರು ಪ್ರಸಾದದ ಒಣ ಕೊಬ್ಬರಿ ಗಿಟಕವನ್ನು ಮನೆಯಲ್ಲೇ ಬಿಡಿ. ಅದರಲ್ಲಿ ಎಣ್ಣೆ ಜಾಸ್ತಿ, ಬೇಗ ಬೆಂಕಿ ಹಿಡಿಯುತ್ತದೆ ಅಂತ ವಿಮಾನದಲ್ಲಿ ಒಯ್ಯಲು ಬಿಡುವುದಿಲ್ಲ. ದೇವರ ಪ್ರಸಾದ ಬುಟ್ಟಿಗೆ ಬಿದ್ದರೆ ದಿನಪೂರ್ತಿ ಮನಸ್ಸಿಗೆ ಚುಚ್ಚುತ್ತದೆ.

ವಿಮಾನ ಇದ್ದರೆ ತಾನೇ!

ಇದು ದೊಡ್ಡ ಪ್ರಶ್ನೆ. ಕಲಬುರಗಿ ವಿಮಾನ ನಿಲ್ದಾಣ 2019ರ ನವೆಂಬರ್ 22ರಂದು ಉದ್ಘಾಟನೆ ಆಯಿತು. ಆಗಿನ ಮುಖ್ಯಮಂತ್ರಿ ಬಿ. ಎಸ್. ಯಡಿಯೂರಪ್ಪ ಬಂದಿದ್ದರು, ಸ್ಟಾರ್ ಏರ್ ವಿಮಾನ ಬೆಂಗಳೂರಿನಿಂದ ಮೊದಲ ಸಲ ಇಲ್ಲಿ ಇಳಿಯಿತು. ಆಮೇಲೆ ತಿರುಪತಿಗೆ, ದೆಹಲಿ ಪಕ್ಕದ ಹಿಂಡನ್‌ಗೆ ಕೂಡ ವಿಮಾನ ಹಾರಿದವು.

ಚಿಕ್ಕ ಊರುಗಳಿಗೆ ವಿಮಾನ ಬರುವುದರ ಹಿಂದೆ ಕೇಂದ್ರದ ಉಡಾನ್ ಯೋಜನೆ ಇದೆ. ಒಂದಷ್ಟು ಸೀಟುಗಳ ದರಕ್ಕೆ ಮಿತಿ ಹಾಕಿ, ಕಂಪನಿಗೆ ಆಗುವ ಕೊರತೆಯನ್ನು ಸರ್ಕಾರ ತುಂಬಿಕೊಡುತ್ತದೆ. ಆದರೆ ಆ ನೆರವು ಮೂರು ವರ್ಷಕ್ಕೆ ಮಾತ್ರ. ಅವಧಿ ಮುಗಿದ ಮೇಲೆ ಸೀಟು ತುಂಬಿದರೆ ವಿಮಾನ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ಹಾಗಾಗಿ ಚಿಕ್ಕ ಊರುಗಳಲ್ಲಿ ವಿಮಾನ ಒಂದು ಕಾಲಕ್ಕೆ ದಿನಾ ಇರುತ್ತದೆ, ಇನ್ನೊಂದು ಕಾಲಕ್ಕೆ ವಾರಕ್ಕೆ ಕೆಲವೇ ದಿನ, ಮತ್ತೊಂದು ಕಾಲಕ್ಕೆ ಇರುವುದೇ ಇಲ್ಲ. ಬೀದರ್‌ನಲ್ಲಿ ಆಗಿದ್ದೂ ಅದೇ. 2020ರ ಫೆಬ್ರವರಿಯಲ್ಲಿ ಶುರುವಾಯಿತು, ನಡುವೆ ನಿಂತಿತು, ಬೇರೆ ಕಂಪನಿ ಬಂತು, 2023ರ ಕೊನೆಗೆ ಮತ್ತೆ ನಿಂತಿತು, 2025ರ ಏಪ್ರಿಲ್‌ನಲ್ಲಿ ಪುನಃ ಹಾರಿತು.

ಅದಕ್ಕೆ ನನ್ನ ಸಲಹೆ ಇಷ್ಟು. ಡಾಕ್ಟರ್ ತಾರೀಕು ಕೊಟ್ಟ ದಿನವೇ, ಬೇರೆ ಯಾವುದನ್ನೂ ನೋಡುವ ಮೊದಲು, ಆ ದಿನ ವಿಮಾನ ಇದೆಯಾ ಅಂತ ಕಂಪನಿಯ ಆ್ಯಪಿನಲ್ಲೇ ನೋಡಿ. ಪರಿಚಯದವರು "ಐತಿ ಐತಿ" ಅಂದರೆ ನಂಬಬೇಡಿ, ಅವರು ಹೋದದ್ದು ಎರಡು ವರ್ಷದ ಹಿಂದೆ ಇರುತ್ತದೆ. ನನಗೆ ಒಮ್ಮೆ ಹಿಂದಿನ ದಿನ ಸಂಜೆ ಮೆಸೇಜ್ ಬಂತು, ನಾಳಿನ ವಿಮಾನ ರದ್ದು ಅಂತ. ಅವ್ವನ ತಪಾಸಣೆ ಮರುದಿನ ಹನ್ನೊಂದು ಗಂಟೆಗೆ. ರೈಲು ಹೊರಟು ಹೋಗಿತ್ತು. ಬಸ್ಸಿನಲ್ಲಿ ಕೊನೆಯ ಸಾಲಿನ ಎರಡು ಸೀಟು ಸಿಕ್ಕವು. ದಾರಿ ಉದ್ದಕ್ಕೂ ಕುಣಿಕುಣಿದು ಹೋದೆವು, ಹಂಪ್ ಬಂದಾಗೆಲ್ಲ ಅವ್ವ ನನ್ನ ಕೈ ಗಟ್ಟಿ ಹಿಡಿಯುತ್ತಿದ್ದಳು. ಕಂಪನಿ ತಾನೇ ರದ್ದು ಮಾಡಿದರೆ ಪೂರ್ತಿ ದುಡ್ಡು ವಾಪಸ್ ಕೇಳಬಹುದು, ಇಲ್ಲವೇ ಬೇರೆ ವಿಮಾನ ಕೇಳಬಹುದು. ನಿಯಮ ಹಾಗಿದೆ. ದುಡ್ಡು ಬಂತು. ಬೆನ್ನು ನೋವು ಎಂಟು ದಿನ ಉಳಿಯಿತು.

ಅಂದಿನಿಂದ ಆಸ್ಪತ್ರೆ, ಪರೀಕ್ಷೆ, ಇಂಟರ್‌ವ್ಯೂ ಇದ್ದರೆ ಅದೇ ದಿನದ ವಿಮಾನ ಹಿಡಿಯುವುದಿಲ್ಲ. ಹಿಂದಿನ ದಿನವೇ ಹೋಗುತ್ತೇನೆ. ಚಳಿಗಾಲದಲ್ಲಿ ಇನ್ನೊಂದು ಕಾಟ ಇದೆ. ನವೆಂಬರ್‌ನಿಂದ ಫೆಬ್ರವರಿ ತನಕ ದೇವನಹಳ್ಳಿ ಕಡೆ ಮುಂಜಾನೆ ಮಂಜು ಕವಿಯುತ್ತದೆ. ಬೆಳಗಿನ ವಿಮಾನಗಳು ತಡವಾಗುತ್ತವೆ.

ರೈಲು: ನಿಧಾನ, ಆದರೆ ಮಾತಿಗೆ ತಪ್ಪುವುದು ಕಡಿಮೆ

ಕಲಬುರಗಿಗೆ ರೈಲಿನ ಭಾಗ್ಯ ಹಳೆಯದು. ಮುಂಬೈ–ಚೆನ್ನೈ ಮುಖ್ಯ ದಾರಿಯಲ್ಲೇ ನಮ್ಮ ಊರು ಇದೆ. ಬೆಂಗಳೂರಿಗೆ ರೈಲಿನ ದೂರ ಸುಮಾರು 550 ಕಿಲೋಮೀಟರ್. ವಾಡಿ, ಯಾದಗಿರಿ ದಾಟಿ, ಕೃಷ್ಣಾ ಸೇತುವೆ ಮೇಲೆ ಸಾಗಿ ರಾಯಚೂರು. ಆಮೇಲೆ ಮಂತ್ರಾಲಯ ರೋಡ್, ಆದೋನಿ, ಗುಂತಕಲ್, ಅನಂತಪುರ, ಧರ್ಮಾವರಂ. ಕರ್ನಾಟಕದಿಂದ ಕರ್ನಾಟಕಕ್ಕೆ ಹೋಗಲು ಅರ್ಧ ದಾರಿ ಆಂಧ್ರದಲ್ಲಿ! ನಡುರಾತ್ರಿ ಎಚ್ಚರವಾದಾಗ ಪ್ಲಾಟ್‌ಫಾರ್ಮಿನಲ್ಲಿ ತೆಲುಗಿನಲ್ಲಿ ಚಹಾ ಕೂಗುತ್ತಿದ್ದರೆ ಗುಂತಕಲ್ ಬಂತು ಅಂತ ಅರ್ಥ.

ರಾತ್ರಿ ರೈಲು ಹಿಡಿಯುವವರಿಗೆ ಸೊಲ್ಲಾಪುರ–ಹಾಸನ ಎಕ್ಸ್‌ಪ್ರೆಸ್ ನಮ್ಮ ಮನೆಯ ಗಾಡಿ ಇದ್ದಂತೆ. ಊಟ ಮಾಡಿ ಹತ್ತಿದರೆ ಬೆಳಿಗ್ಗೆ ಯಶವಂತಪುರ. ಮುಂಬೈನಿಂದ ಬರುವ ಉದ್ಯಾನ್ ಎಕ್ಸ್‌ಪ್ರೆಸ್ ಸಂಜೆ ಕಲಬುರಗಿಗೆ ಬಂದು ಮರುದಿನ ಬೆಳಿಗ್ಗೆ ಬೆಂಗಳೂರು ಮುಟ್ಟಿಸುತ್ತದೆ. ದೆಹಲಿ ಕಡೆಯಿಂದ ಬರುವ ಕರ್ನಾಟಕ ಎಕ್ಸ್‌ಪ್ರೆಸ್ ಕೂಡ ಇದೇ ದಾರಿಯಲ್ಲಿ ಹೋಗುತ್ತದೆ. ಹತ್ತು–ಹನ್ನೆರಡು ತಾಸಿನ ದಾರಿ. ಕಾಗದದ ಮೇಲೆ ಇದು ವಿಮಾನದ ಎರಡರಷ್ಟು. ಆದರೆ ಅದರಲ್ಲಿ ಏಳು ತಾಸು ನೀವು ನಿದ್ದೆಯಲ್ಲಿರುತ್ತೀರಿ. ಮನೆಯಲ್ಲೂ ಅಷ್ಟು ಹೊತ್ತು ಮಲಗುತ್ತಿದ್ದಿರಿ. ಹಗಲು ಕಳೆದದ್ದು ಎಷ್ಟು ಅಂತ ಲೆಕ್ಕ ಹಾಕಿದರೆ ರಾತ್ರಿ ರೈಲಿಗೆ ಮೂರ್ನಾಲ್ಕು ತಾಸು, ಹೆಚ್ಚೆಂದರೆ ಐದು. ವಿಮಾನಕ್ಕೆ ಐದು. ನನ್ನ ಮಟ್ಟಿಗೆ ಇದೇ ಮುಖ್ಯ ಲೆಕ್ಕ.

ವಂದೇ ಭಾರತ್ 2024ರ ಮಾರ್ಚ್ 12ರಂದು ಉದ್ಘಾಟನೆ ಆಯಿತು. ಶುರುವಾದಾಗಿನ ವೇಳಾಪಟ್ಟಿ ಪ್ರಕಾರ ಕಲಬುರಗಿಯಿಂದ ನಸುಕಿನ 5.15ಕ್ಕೆ ಹೊರಟು, ಬೈಯಪ್ಪನಹಳ್ಳಿಯ ಸರ್ ಎಂ. ವಿಶ್ವೇಶ್ವರಯ್ಯ ಟರ್ಮಿನಲ್‌ಗೆ ಮಧ್ಯಾಹ್ನ 2ಕ್ಕೆ. ಅಂದರೆ ಎಂಟೂಮುಕ್ಕಾಲು ತಾಸು. ವಾಪಸ್ ಅಲ್ಲಿಂದ ಮಧ್ಯಾಹ್ನ 2.40ಕ್ಕೆ ಬಿಟ್ಟು ಇಲ್ಲಿಗೆ ರಾತ್ರಿ 11.30ಕ್ಕೆ. ವಾರದಲ್ಲಿ ಒಂದು ದಿನ ರಜೆ. ಹೊರಡುವ ಮೊದಲು ವೇಳೆ ಮತ್ತೊಮ್ಮೆ ನೋಡಿಕೊಳ್ಳಿ.

ಗಾಡಿ ಚಂದ ಇದೆ, ಎಸಿ ತಣ್ಣಗಿದೆ, ಉಪ್ಪಿಟ್ಟು ಬಿಸಿಯಾಗಿ ಬರುತ್ತದೆ. ಆದರೆ ನನಗೆ ಎರಡು ತಕರಾರು. ಒಂದು, ಪೂರ್ತಿ ಕೂತೇ ಹೋಗಬೇಕು. ಮೊಣಕಾಲು ನೋವಿನವರಿಗೆ ಎಂಟು ತಾಸು ಕೂರುವುದು ಶಿಕ್ಷೆ. ಎರಡು, ಇಡೀ ಹಗಲು ಹೋಗುತ್ತದೆ. ಎರಡು ಗಂಟೆಗೆ ಇಳಿದು ಆಟೋ ಹಿಡಿದು ಮನೆ ಮುಟ್ಟುವಷ್ಟರಲ್ಲಿ ಸರ್ಕಾರಿ ಕಚೇರಿ ಮುಚ್ಚುವ ಹೊತ್ತು. ಹಾಗಾದರೆ ಯಾರಿಗೆ ಇದು? ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ, ರಾತ್ರಿ ರೈಲಿನಲ್ಲಿ ನಿದ್ದೆ ಬಾರದವರಿಗೆ, ಮರುದಿನದ ಕೆಲಸಕ್ಕೆ ಹಿಂದಿನ ದಿನ ಆರಾಮಾಗಿ ಹೋಗಿ ಇಳಿಯುವವರಿಗೆ. ಯಲಹಂಕ, ಹೆಬ್ಬಾಳ, ಸಹಕಾರನಗರ ಕಡೆ ಮನೆ ಇದ್ದವರು ಯಲಹಂಕದಲ್ಲೇ ಇಳಿದುಬಿಡಿ. ಬೈಯಪ್ಪನಹಳ್ಳಿ ತನಕ ಹೋಗಿ ಮತ್ತೆ ಟ್ರಾಫಿಕ್‌ನಲ್ಲಿ ಹಿಂದೆ ಬರುವುದು ಯಾಕೆ?

ಟಿಕೆಟ್ ಈಗ 60 ದಿನ ಮೊದಲು ತೆರೆಯುತ್ತದೆ. ದೀಪಾವಳಿ, ಯುಗಾದಿ ಹೊತ್ತಿಗೆ ಮೊದಲ ದಿನವೇ ಮುಗಿಯುತ್ತದೆ. ತತ್ಕಾಲ್ ಹಿಂದಿನ ದಿನ, ಎಸಿಗೆ ಹತ್ತು ಗಂಟೆಗೆ, ಸ್ಲೀಪರ್‌ಗೆ ಹನ್ನೊಂದಕ್ಕೆ. ಗಾಡಿ ಮೂರು ತಾಸಿಗಿಂತ ಜಾಸ್ತಿ ತಡವಾಗಿ, ನೀವು ಹೋಗದೆ ಬಿಟ್ಟರೆ, ಗಾಡಿ ಹೊರಡುವ ಮೊದಲು ಅರ್ಜಿ ಹಾಕಿದರೆ ಪೂರ್ತಿ ದುಡ್ಡು ಬರುತ್ತದೆ. ಇದು ಬಹಳ ಜನಕ್ಕೆ ಗೊತ್ತಿಲ್ಲ.

ಬಸ್ಸು, ಕಾರು

ರಸ್ತೆಯಲ್ಲಿ ದೂರ ಸುಮಾರು 600 ಕಿಲೋಮೀಟರ್, ದಾರಿ ಮೇಲೆ ಸ್ವಲ್ಪ ಹೆಚ್ಚು ಕಡಿಮೆ. ನೇರ ಗೆರೆ 460 ಅಂದೆವಲ್ಲ, ರಸ್ತೆ ಅದಕ್ಕಿಂತ ಮೂರನೇ ಒಂದು ಪಾಲು ಉದ್ದ. ಜೇವರ್ಗಿಯಿಂದ ಹೊರಡುವ 150ಎ ಹೆದ್ದಾರಿ ಶಹಾಪುರ, ಸುರಪುರ, ತಿಂಥಣಿ ಸೇತುವೆ, ಲಿಂಗಸುಗೂರು, ಸಿಂಧನೂರು, ಸಿರುಗುಪ್ಪ, ಬಳ್ಳಾರಿ, ಚಳ್ಳಕೆರೆ ಮೂಲಕ ಹಿರಿಯೂರಿಗೆ ತರುತ್ತದೆ. ಅಲ್ಲಿಂದ ತುಮಕೂರಿನ ದೊಡ್ಡ ರಸ್ತೆ.

ನಮ್ಮ ಭಾಗದ ಸರ್ಕಾರಿ ಬಸ್ ಸಂಸ್ಥೆ ಕೆಕೆಆರ್‌ಟಿಸಿಯ ಮುಖ್ಯ ಕಚೇರಿಯೇ ಕಲಬುರಗಿಯಲ್ಲಿದೆ, ಹಾಗಾಗಿ ಬಸ್ಸಿಗೆ ಕೊರತೆ ಇಲ್ಲ. ಎಸಿ ಸ್ಲೀಪರ್‌ಗೆ ಕಲ್ಯಾಣ ರಥ, ಎಸಿ ಇಲ್ಲದ ಸ್ಲೀಪರ್‌ಗೆ ಅಮೋಘವರ್ಷ ಅಂತ ಹೆಸರು. ಅಮೋಘವರ್ಷನ ರಾಜಧಾನಿ ಮಳಖೇಡ ನಮ್ಮ ಸೇಡಂ ರಸ್ತೆಯಲ್ಲೇ ಇದೆ. ಸಾವಿರ ವರ್ಷ ಆದ ಮೇಲೆ ರಾಜ ಬೆಂಗಳೂರಿಗೆ ರಾತ್ರಿ ಪಾಳಿ ಹೊಡೆಯುತ್ತಿದ್ದಾನೆ. ಹನ್ನೊಂದು–ಹನ್ನೆರಡು ತಾಸಿನ ಪ್ರಯಾಣ. ಮಹಿಳೆಯರ ಶಕ್ತಿ ಉಚಿತ ಪ್ರಯಾಣ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಿಗೆ ಮಾತ್ರ. ಸ್ಲೀಪರ್‌ಗೆ, ಎಸಿಗೆ ಇಲ್ಲ. ಬಸ್ ಹತ್ತಿದ ಮೇಲೆ ಕಂಡಕ್ಟರ್ ಜೊತೆ ಜಗಳ ಬೇಡ.

ಬಸ್ಸಿನ ದೊಡ್ಡ ಗುಣ, ಕಡೇ ಗಳಿಗೆಯಲ್ಲೂ ಸಿಗುತ್ತದೆ. ಶಹಾಪುರ, ಸುರಪುರದವರಿಗೆ ರೈಲು ಇಲ್ಲ, ಬಸ್ಸು ಊರ ಮುಂದೆಯೇ ಹಾದುಹೋಗುತ್ತದೆ. ಅವರು ಕಲಬುರಗಿ ವಿಮಾನದ ಆಸೆಗೆ ಹಿಂದಕ್ಕೆ ಬರುವುದರಲ್ಲಿ ಅರ್ಥ ಇಲ್ಲ.

ಕಾರಿನಲ್ಲಿ ನಾಲ್ಕು ಜನ, ಜೊತೆಗೆ ಜಾಸ್ತಿ ಸಾಮಾನು ಇದ್ದರೆ ಸರಿ. ಒಬ್ಬರೇ ಡ್ರೈವ್ ಮಾಡುವುದಾದರೆ ಬೇಡ ಅನ್ನುತ್ತೇನೆ. ಮಳೆಗಾಲದಲ್ಲಿ ಮಹಾರಾಷ್ಟ್ರದ ಉಜನಿಯಿಂದ, ನಮ್ಮ ಸೊನ್ನ ಬ್ಯಾರೇಜಿನಿಂದ ನೀರು ಬಿಟ್ಟಾಗ ಭೀಮಾ ಉಕ್ಕುತ್ತದೆ. ಜೇವರ್ಗಿ ದಾರಿಯ ಕಟ್ಟಿಸಂಗಾವಿ ಸೇತುವೆ ಹೇಗಿದೆ ಅಂತ ಕೇಳಿಕೊಂಡೇ ಹೊರಡಿ.

ಹೈದರಾಬಾದ್ ಸುತ್ತು: ಯಾರಿಗೆ ಲಾಭ?

ನಮ್ಮ ಕಡೆ ಅನೇಕರ ತಲೆಯಲ್ಲಿ ಇದೇ ಇದೆ. "ಹೈದರಾಬಾದಿಗಿ ಹೋಗಿ ವಿಮಾನ ಹಿಡಿದ್ರ ಲಗೂ ಆಗ್ತದ." ಆಗುತ್ತದಾ?

ಇಲ್ಲಿ ಒಂದು ಮಜಾ ಇದೆ. ಭೂಪಟದಲ್ಲಿ ಕಲಬುರಗಿ, ಹೈದರಾಬಾದ್ ಹೆಚ್ಚುಕಡಿಮೆ ಒಂದೇ ಅಡ್ಡಗೆರೆಯಲ್ಲಿವೆ. ಹಾಗಾಗಿ ಹೈದರಾಬಾದಿನ ವಿಮಾನ ನಿಲ್ದಾಣ ಇರುವ ಶಂಶಾಬಾದ್‌ನಿಂದ ದೇವನಹಳ್ಳಿಗೆ ನೇರ ದೂರ ಸುಮಾರು 455 ಕಿಲೋಮೀಟರ್. ಕಲಬುರಗಿಯಿಂದ 460. ಎರಡೂ ಒಂದೇ! ಅಂದರೆ ನೀವು ಸೇಡಂ, ಕೊಡಂಗಲ್, ಪರಿಗಿ ದಾಟಿ 220 ಕಿಲೋಮೀಟರ್ ಪೂರ್ವಕ್ಕೆ ಹೋಗುತ್ತೀರಿ, ಆದರೆ ಬೆಂಗಳೂರಿಗೆ ಐದು ಕಿಲೋಮೀಟರ್ ಮಾತ್ರ ಹತ್ತಿರ ಆಗಿರುತ್ತೀರಿ.

ತಾಸು ಕೂಡಿಸಿ ನೋಡಿ. ಶಂಶಾಬಾದ್‌ಗೆ ಕಾರಿನಲ್ಲಿ ನಾಲ್ಕೂವರೆ. ಅಲ್ಲಿ ಜನ ಜಾಸ್ತಿ, ಎರಡು ತಾಸು ಮೊದಲಿರಬೇಕು. ಹಾರಾಟ ಒಂದು ಕಾಲು. ಬೆಂಗಳೂರಿನಲ್ಲಿ ಹೊರಬಂದು ಊರು ಸೇರಲು ಎರಡು. ಒಟ್ಟು ಹತ್ತರ ಹತ್ತಿರ. ವಂದೇ ಭಾರತ್ ಕೂಡ ಮನೆಯಿಂದ ಮನೆಗೆ ಅಷ್ಟೇ. ದುಡ್ಡು ಮಾತ್ರ ಎರಡು ಮೂರು ಪಟ್ಟು. ನಾನು ಹೀಗೆ ಹೋದ ಸಲ ಕೊಡಂಗಲ್ ಹತ್ತಿರ ಟೈರ್ ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲಿ ಗಾಳಿ ಇರಲಿಲ್ಲ. ಡ್ರೈವರ್ ಒಂದು ಬೈಕ್ ನಿಲ್ಲಿಸಿ ಟೈರ್ ಹೊತ್ತುಕೊಂಡು ಹೋದ. ನಾನು ಮೈಲಿಗಲ್ಲಿನ ಮೇಲೆ ಕೂತು ಅವ್ವ ಕಟ್ಟಿದ ರೊಟ್ಟಿ ತಿಂದೆ. ಕೌಂಟರ್ ಮುಟ್ಟಿದಾಗ ಮುಚ್ಚಿ ಎಂಟು ನಿಮಿಷ ಆಗಿತ್ತು.

ಆದರೆ ಎಲ್ಲರಿಗೂ ಇದು ಬೇಡ ಅನ್ನುವುದಿಲ್ಲ. ದೆಹಲಿ, ಕೋಲ್ಕತ್ತ, ದುಬೈ ಕಡೆ ಹೋಗುವವರಿಗೆ ಹೈದರಾಬಾದೇ ಸರಿ. ಅಲ್ಲಿಂದ ದಿನಕ್ಕೆ ಬೇಕಾದಷ್ಟು ವಿಮಾನ ಇವೆ, ಒಂದು ತಪ್ಪಿದರೆ ಇನ್ನೊಂದು. ಕಾರು ಬೇಡ ಅಂದರೆ ವಾಡಿ ಮೂಲಕ ಹೋಗುವ ಹೈದರಾಬಾದ್ ರೈಲು ಹತ್ತಿ, ಲಿಂಗಂಪಲ್ಲಿಯಲ್ಲಿ ಇಳಿದು, ಹೊರವರ್ತುಲ ರಸ್ತೆ ಹಿಡಿದು ಶಂಶಾಬಾದ್‌ಗೆ ಹೋಗಬಹುದು. ಹೈದರಾಬಾದ್ ಊರೊಳಗಿಂದ ಪುಷ್ಪಕ್ ಬಸ್ಸೂ ಇವೆ.

ಬೀದರ್‌ನವರ ಲೆಕ್ಕವೇ ಬೇರೆ. ಬೀದರ್‌ನಿಂದ ದೇವನಹಳ್ಳಿಗೆ ನೇರ ಗೆರೆ ಸುಮಾರು 525 ಕಿಲೋಮೀಟರ್, ಹೆಚ್ಚುಕಡಿಮೆ ನೆಟ್ಟಗೆ ದಕ್ಷಿಣಕ್ಕೆ. ರಸ್ತೆಯಲ್ಲಿ ಹೈದರಾಬಾದ್ ಮೂಲಕ 700ರ ಹತ್ತಿರ. ಇಷ್ಟು ಉದ್ದದ ದಾರಿಗೆ ವಿಮಾನದಿಂದ ಉಳಿಯುವ ಹೊತ್ತು ಜಾಸ್ತಿ. ಊರಿನ ವಿಮಾನ ಇದ್ದರೆ ಅದನ್ನೇ ಹಿಡಿಯಿರಿ. ಅಲ್ಲಿನ ರನ್‌ವೇ ವಾಯುಪಡೆಯದ್ದು, ಪ್ರಯಾಣಿಕರ ಟರ್ಮಿನಲ್ ಮಾತ್ರ ಬೇರೆ. ಫೋಟೊ ತೆಗೆಯುವ ಹುಕಿ ಇದ್ದರೆ ಸ್ವಲ್ಪ ತಡೆದುಕೊಳ್ಳಿ. ವಿಮಾನ ಇಲ್ಲದ ದಿನ ಜಹೀರಾಬಾದ್ ದಾಟಿ ಶಂಶಾಬಾದ್ ಸುಮಾರು 150 ಕಿಲೋಮೀಟರ್, ಮೂರು ತಾಸು. ಅವರಿಗೆ ಹೈದರಾಬಾದ್ ಸುತ್ತು ಅಲ್ಲ, ದಾರಿಯಲ್ಲೇ ಸಿಗುವ ಊರು. ಕಲಬುರಗಿ–ಬೀದರ್ ರೈಲು ದಾರಿ 2017ರಲ್ಲಿ ತೆರೆದ ಮೇಲೆ ಹುಮನಾಬಾದ್ ಕಡೆಯವರಿಗೆ ಕಲಬುರಗಿಗೆ ಬಂದು ಗಾಡಿ ಹಿಡಿಯುವುದೂ ಸುಲಭ ಆಗಿದೆ.

ಯಾದಗಿರಿಯವರಿಗೆ ಹೆಚ್ಚು ಹೇಳುವುದಿಲ್ಲ. ರೈಲು. ಬೆಂಗಳೂರಿಗೆ ನಮಗಿಂತ ಎಪ್ಪತ್ತು–ಎಂಬತ್ತು ಕಿಲೋಮೀಟರ್ ಹತ್ತಿರ ಇದ್ದಾರೆ. ವಿಮಾನಕ್ಕೆ ಅಂತ ಕಲಬುರಗಿಗೆ ಬಂದರೆ ಅಷ್ಟೇ ದೂರ ಹಿಂದಕ್ಕೆ ಬಂದಂತೆ.

ದುಡ್ಡಿನ ಮಾತು

ಟಿಕೆಟ್ ದರ ದಿನಕ್ಕೊಂದು ಇರುತ್ತದೆ, ಹಾಗಾಗಿ ನಾನು ಅಂಕಿ ಬರೆಯುವುದಿಲ್ಲ. ಲೆಕ್ಕ ಹಾಕುವ ರೀತಿ ಮಾತ್ರ ಹೇಳುತ್ತೇನೆ. ವಿಮಾನದ ಟಿಕೆಟ್‌ಗೆ ಎರಡೂ ಕಡೆಯ ಗಾಡಿ ಬಾಡಿಗೆ ಸೇರಿಸಿ. ದೇವನಹಳ್ಳಿಯಿಂದ ಟ್ಯಾಕ್ಸಿ ಹಿಡಿದರೆ ಕೆಲವು ಸಲ ರೈಲಿನ ಸ್ಲೀಪರ್ ಟಿಕೆಟ್‌ಗಿಂತ ಜಾಸ್ತಿ ಆಗುತ್ತದೆ. ಬಿಎಂಟಿಸಿಯ ವಾಯುವಜ್ರ ಬಸ್ಸು ಇದೆ, ಊರಿನ ಹಲವು ಕಡೆಗೆ ಹೋಗುತ್ತದೆ, ಒಬ್ಬರೇ ಇದ್ದರೆ ಅದು ಸಾಕು. ವಾಪಸ್ ಬರುವಾಗ ಸರಡಗಿಯಿಂದ ಊರಿಗೆ ಬರಲು ಗಾಡಿಯವರಿಗೆ ಮೊದಲೇ ಹೇಳಿಟ್ಟಿರಿ. ಇನ್ನೊಂದು ಕಡೆ, ವಿಮಾನದಿಂದ ಲಾಡ್ಜ್ ಖರ್ಚು ಉಳಿಯುತ್ತದಾ, ಅಂಗಡಿ ಒಂದು ದಿನ ಮುಚ್ಚುವುದು ತಪ್ಪುತ್ತದಾ ಅಂತಲೂ ನೋಡಿ. ದಿನಗೂಲಿ ಬಿಟ್ಟು ಹೋಗುವವರಿಗೂ, ಸಂಬಳದ ರಜೆ ಹಾಕಿ ಹೋಗುವವರಿಗೂ ಒಂದೇ ಲೆಕ್ಕ ಆಗುವುದಿಲ್ಲ.

ಕಾಕಾನ ಹಾಳೆಗೆ ಬರೋಣ. ಅವರ ತಪಾಸಣೆ ಬೆಳಿಗ್ಗೆ ಹತ್ತೂವರೆಗೆ, ಆಸ್ಪತ್ರೆ ಯಶವಂತಪುರದ ಹತ್ತಿರ. ಕಾಲು ಚಾಚಿ ಮಲಗಬೇಕು. ಆದ್ದರಿಂದ ಹೋಗುವಾಗ ರಾತ್ರಿ ರೈಲು, ಅದೂ ತಪಾಸಣೆಗೆ ಒಂದು ದಿನ ಮೊದಲು ಬೆಳಿಗ್ಗೆ ಮುಟ್ಟುವ ಹಾಗೆ. ಅಳಿಯನ ಮನೆ ಇದೆ, ಉಳಿಯಲು ತೊಂದರೆ ಇಲ್ಲ. ಬರುವಾಗ ಆ ವಾರ ವಿಮಾನ ಸಿಕ್ಕರೆ ವಿಮಾನ, ತಡವಾದರೂ ಮನೆಗೆ ತಾನೇ ಬರುವುದು.

ಟಿಕೆಟ್ ಮಾಡುವಾಗ ಕಾಕು ಹಿಂದೆ ನಿಂತು, "ನಮ್ಮಿಬ್ಬರಿಗೂ ಕೆಳಗಿನ ಬರ್ತ್ ಹಾಕ್ರಿ, ಮ್ಯಾಲ ಹತ್ತಲಾಕ ಆಗಲ್ಲ" ಅಂದರು. 60 ದಾಟಿದ ಗಂಡಸರಿಗೆ, 45 ದಾಟಿದ ಹೆಂಗಸರಿಗೆ ಖಾಲಿ ಇದ್ದರೆ ಕೆಳಗಿನ ಬರ್ತ್ ಸಿಗುತ್ತದೆ. ವಯಸ್ಸು ಸರಿಯಾಗಿ ಹಾಕಬೇಕು ಅಷ್ಟೇ. ಕಾಕುವಿನ ವಯಸ್ಸು ಕೇಳಿದೆ. ಅವರು ಕಾಕಾನ ಮುಖ ನೋಡಿದರು. ಕಾಕಾ ಚಹಾ ಬಟ್ಟಲಿನೊಳಗೆ ನೋಡಿದರು. ಕೊನೆಗೆ ಆಧಾರ್ ಕಾರ್ಡ್ ತರಿಸಿ ಟಿಕೆಟ್ ಮುಗಿಸಿದೆ.